ಕೂದಲೆಳೆಯಲ್ಲಿ ತಪ್ಪಿದ್ದನ್ನು ಬರೆದಿಡುವ ಪುಸ್ತಕ ಯಾವ ವಾರ್ಡಿನಲ್ಲಿದೆ?

ಇನ್ಸುಲಿನ್ ಸಿರಿಂಜಿನ ಮುಚ್ಚಳಕ್ಕೆ ನಮ್ಮಲ್ಲಿ ಎರಡು ಬಣ್ಣ. ಕೆಂಪು ಮುಚ್ಚಳದ್ದು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ನರ್ಸಿಂಗ್ ಓದಿದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ನನಗೂ ಗೊತ್ತಿತ್ತು. ಹಾಗಿದ್ದೂ ಹನ್ನೆರಡು ವರ್ಷಗಳ ಹಿಂದೆ, ಹಾಸನ ಜಿಲ್ಲೆಯ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ, ರಾತ್ರಿ ಪಾಳಿಯಲ್ಲಿ, 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಔಷಧ ಎಳೆದುಕೊಂಡು ರೋಗಿಯ ಬಳಿ ಹೋದವಳು ನಾನು. ವಾರ್ಡಿನ ದಾಸ್ತಾನು ಮುಗಿದಿತ್ತು. ರೋಗಿಯ ಮಗ ಹೊರಗಿನ ಮೆಡಿಕಲ್ ಸ್ಟೋರಿನಿಂದ ಬಾಟಲಿ ತಂದುಕೊಟ್ಟಿದ್ದರು. ಟ್ರೇಯಲ್ಲಿ ದಿನವೂ ಬಳಸುವ ಕೆಂಪು ಮುಚ್ಚಳದ ಸಿರಿಂಜು ಇತ್ತು. ಕೈ ತನ್ನ ರೂಢಿಯಂತೆ ನಡೆಯಿತು. ಆ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. 100ರ ಬಾಟಲಿಯಿಂದ ಅರ್ಧ ಮಿಲಿಲೀಟರ್ ತೆಗೆದರೆ 50 ಯೂನಿಟ್. ಕೊಡಬೇಕಾದ 20 ಯೂನಿಟ್‌ಗಿಂತ ಎರಡೂವರೆ ಪಟ್ಟು.

ಸೂಜಿ ಚುಚ್ಚುವ ಮೊದಲು ರೋಗಿಯ ಸೊಸೆ ಕೈ ಅಡ್ಡ ಹಿಡಿದರು. “ಸಿಸ್ಟರ್, ಮನೆಯಲ್ಲಿ ಅತ್ತೆಗೆ ನಾನೇ ಹಾಕುವುದು. ಇಷ್ಟೊಂದು ಬರುವುದಿಲ್ಲ. ಸಿರಿಂಜಿನ ತಳದಲ್ಲಿ ಒಂದಿಷ್ಟು ಇರುತ್ತದೆ, ಅಷ್ಟೇ.”

ನನ್ನ ಬೆನ್ನಿನಲ್ಲಿ ಬೆವರಿಳಿಯಿತು. ಆ ಸಿರಿಂಜನ್ನು ಎಸೆದು, ಕಿತ್ತಳೆ ಮುಚ್ಚಳದ್ದನ್ನು ಹುಡುಕಿ ತಂದು ಸರಿಯಾಗಿ ಕೊಟ್ಟೆ. ಆ ಹೆಣ್ಣುಮಗಳಿಗೆ ಕೈಮುಗಿದೆ. ಬೆಳಿಗ್ಗೆ ಎಂಟಕ್ಕೆ ಮುಂದಿನ ಪಾಳಿಯವರಿಗೆ ಚಾರ್ಜ್ ಕೊಡುವಾಗ ಯಾರಿಗೂ ಇದನ್ನು ಹೇಳಲಿಲ್ಲ. ರಿಪೋರ್ಟ್ ಪುಸ್ತಕದಲ್ಲಿ ‘ರಾತ್ರಿ ನಿದ್ರೆ ಚೆನ್ನಾಗಿ ಬಂದಿದೆ’ ಎಂದು ಬರೆದು ಮನೆಗೆ ಹೋದೆ.

ಏಳು ತಿಂಗಳ ಬಳಿಕ ಅದೇ ವಾರ್ಡಿನಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಂದ ಅದೇ ತಪ್ಪಾಯಿತು. ಈ ಸಲ ಕೈ ಅಡ್ಡ ಹಿಡಿಯುವವರು ಪಕ್ಕದಲ್ಲಿರಲಿಲ್ಲ. ಬೆಳಗಿನ ಜಾವ ರೋಗಿಯ ಮೈಯೆಲ್ಲ ಬೆವರಿ, ಮಾತು ತೊದಲಿ, ಮಗನ ಗುರುತೂ ಹತ್ತದಂತಾಯಿತು. ರಕ್ತದ ಸಕ್ಕರೆ 38ಕ್ಕೆ ಇಳಿದಿತ್ತು. ನರಕ್ಕೆ ಗ್ಲೂಕೋಸ್ ಕೊಟ್ಟು ಉಳಿಸಿಕೊಂಡರು. ಆ ಹುಡುಗಿಗೆ ಮೆಮೊ ಬಂತು. ಅದರಲ್ಲಿ ಅರ್ಧ ಪಾಲು ನನ್ನದು. ನನ್ನ ಆ ರಾತ್ರಿಯ ಬಗ್ಗೆ ಎರಡು ಸಾಲು ಎಲ್ಲಿಯಾದರೂ ಬರೆದಿದ್ದರೆ, ಹೊರಗಿನಿಂದ ಬರುವ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜನ್ನು ರಬ್ಬರ್ ಬ್ಯಾಂಡಿನಲ್ಲಿ ಸುತ್ತಿಡುವ ಪದ್ಧತಿ ಏಳು ತಿಂಗಳ ಮೊದಲೇ ಬರುತ್ತಿತ್ತು. ಮೆಮೊ ಕೊಟ್ಟ ಮೇಲೂ ಆ ಪದ್ಧತಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ಹುಡುಗಿಗೆ ಶಿಕ್ಷೆಯಾಯಿತು, ಟ್ರೇ ಇದ್ದ ಹಾಗೆಯೇ ಇತ್ತು.

ಸುದ್ದಿಯಾಗುವುದು ನಡೆದುಹೋದ ಅನಾಹುತ ಮಾತ್ರ. ಅದರ ಹಿಂದೆ ಕೂದಲೆಳೆಯಲ್ಲಿ ತಪ್ಪಿಹೋದ ಹತ್ತಾರು ಸಂಗತಿಗಳಿರುತ್ತವೆ. ಅವು ಸಿಸ್ಟರ್‌ಗಳ ಎದೆಯೊಳಗೇ ಉಳಿದು, ಅವರಿಗೆ ವರ್ಗವಾದಾಗ, ನಿವೃತ್ತಿಯಾದಾಗ ಅವರೊಂದಿಗೇ ಹೊರಟುಹೋಗುತ್ತವೆ. ನಮ್ಮ ವಾರ್ಡುಗಳಲ್ಲಿ ರೋಗಿಗೆ ಒದಗುವ ಅಪಾಯಕ್ಕೆ ಸಿಬ್ಬಂದಿಯ ಅಜಾಗರೂಕತೆಗಿಂತ ಈ ಮೌನವೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಮೌನಕ್ಕೂ ಕಾರಣಗಳಿವೆ. ಅವನ್ನು ಬಿಡಿಸಿ ನೋಡದೆ ‘ಸಿಸ್ಟರ್‌ಗಳು ಇನ್ನಷ್ಟು ಎಚ್ಚರದಿಂದಿರಬೇಕು’ ಎಂದು ಸುತ್ತೋಲೆ ಹೊರಡಿಸುವುದರಿಂದ ಏನೂ ಆಗದು.

ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಅಸುರಕ್ಷಿತ ಆರೈಕೆಯಿಂದ ವರ್ಷಕ್ಕೆ 13.4 ಕೋಟಿ ಅಹಿತಕರ ಘಟನೆಗಳು ನಡೆಯುತ್ತವೆ, 26 ಲಕ್ಷ ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮುಂದಿಡುವ ಅಂದಾಜು. 2019ರಿಂದ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವೆಂದು ಆಚರಿಸುತ್ತಿದ್ದೇವೆ. ಅಂದು ಬ್ಯಾನರ್ ಕಟ್ಟುತ್ತೇವೆ, ಪ್ರಮಾಣವಚನ ಬೋಧಿಸುತ್ತೇವೆ. 26 ಲಕ್ಷ ಎಂಬ ಸಂಖ್ಯೆ ಯಾರ ಮನಸ್ಸಿನಲ್ಲೂ ನಿಲ್ಲುವಂಥದ್ದಲ್ಲ. ನಿಲ್ಲಬೇಕಾದದ್ದು ನಮ್ಮದೇ ವಾರ್ಡಿನ ಕಳೆದ ತಿಂಗಳ ಸಂಖ್ಯೆ. ಅದು ಮಾತ್ರ ನಮ್ಮ ಬಳಿ ಇಲ್ಲ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಮಳೆಗಾಲದಲ್ಲಿ ಸೋರುವ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸಿದರೆ ಸೋರುವುದು ನಿಲ್ಲುವುದಿಲ್ಲ. ಹೆಂಚು ಒಡೆದಿರುವುದು ಎಲ್ಲೋ ಮೇಲೆ. ನೀರು ರೀಪಿನ ಗುಂಟ ಹರಿದು ಬಂದು ಇಲ್ಲಿ ತೊಟ್ಟಿಕ್ಕುತ್ತದೆ. ವಾರ್ಡಿನ ತಪ್ಪುಗಳೂ ಹೀಗೆಯೇ. ತೊಟ್ಟಿಕ್ಕುವುದು ಸಿಸ್ಟರ್ ಕೈಯಲ್ಲಿ, ಒಡೆದಿರುವುದು ಔಷಧ ತರಿಸುವ ಇಂಡೆಂಟಿನಲ್ಲಿ, ಕಪಾಟಿನಲ್ಲಿ, ಡ್ಯೂಟಿ ಪಟ್ಟಿಯಲ್ಲಿ. ಕಪಾಟನ್ನೇ ತೆಗೆದುಕೊಳ್ಳಿ. ಔಷಧ ಕರಗಿಸಲು ಬಳಸುವ 10 ಮಿಲಿಲೀಟರಿನ ನೀರಿನ ಆಂಪೂಲು (ಮುಚ್ಚಿದ ಪುಟ್ಟ ಸೀಸೆ) ಮತ್ತು ಅದೇ ಅಳತೆಯ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲು ಕೆಲವೊಮ್ಮೆ ಅಕ್ಕತಂಗಿಯರಂತೆ ಕಾಣುತ್ತವೆ. ಎರಡನೆಯದನ್ನು ಬೆರೆಸದೆ ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಇಂಥ ಗಾಢ ದ್ರಾವಣಗಳನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ಹೊರಗಿಡಿ ಎಂಬ ಮಾತು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ 2007ರಿಂದಲೂ ಇದೆ. ಎರಡೂ ಅಕ್ಕಪಕ್ಕ ಕುಳಿತಿರುವ ಕಪಾಟುಗಳನ್ನು ನಾನು ಆಮೇಲೂ ಕಂಡಿದ್ದೇನೆ.

ಇನ್ನು ಡ್ಯೂಟಿ ಪಟ್ಟಿ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಶುಶ್ರೂಷಕಿ ಇರಬೇಕು, ರಜೆಗಳಿಗಾಗಿ ಶೇ 30ರಷ್ಟು ಹೆಚ್ಚುವರಿ ಇರಬೇಕು ಎನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಕೇಳುವುದಕ್ಕೆ ಹಿತವಾಗಿದೆ. ಆದರೆ ಇದು ಮೂರೂ ಪಾಳಿ ಸೇರಿಸಿದ ಲೆಕ್ಕ. ಪಾಳಿಗೆ ಇಳಿಸಿದರೆ ಒಬ್ಬರಿಗೆ ಒಂಬತ್ತು, ಹದಿನೈದು ರೋಗಿಗಳಾಗುತ್ತಾರೆ. ಹುದ್ದೆ ಖಾಲಿ ಬಿದ್ದಾಗ, ಒಬ್ಬರು ಹೆರಿಗೆ ರಜೆಯಲ್ಲಿ, ಇನ್ನೊಬ್ಬರು ತರಬೇತಿಯಲ್ಲಿ ಇದ್ದಾಗ ಆ ಹದಿನೈದು ಮೂವತ್ತಾಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಮೂವತ್ತು ರೋಗಿಗಳಿರುವ ವಾರ್ಡಿನಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಒಬ್ಬಳೇ ಇದ್ದಾಳೆ ಎಂದುಕೊಳ್ಳಿ. 360 ನಿಮಿಷ, ಒಬ್ಬ ರೋಗಿಗೆ 12 ನಿಮಿಷ. ಬಿಪಿ, ನಾಡಿ, ಜ್ವರ ನೋಡಿ ಬರೆಯುವುದಕ್ಕೆ ನಾಲ್ಕು ನಿಮಿಷ. ಕೇಸ್ ಶೀಟ್ ಓದಿ, ಔಷಧ ಹೊಂದಿಸಿ, ಕೊಟ್ಟು, ಸಹಿ ಹಾಕುವುದಕ್ಕೆ ಇನ್ನು ನಾಲ್ಕು. ರೋಗಿಯನ್ನು ಮುಟ್ಟುವ ಮೊದಲೊಮ್ಮೆ, ಮುಟ್ಟಿದ ಮೇಲೊಮ್ಮೆ ಕೈಗೆ ಸ್ಯಾನಿಟೈಸರ್ ಉಜ್ಜಬೇಕು; ಸರಿಯಾಗಿ ಉಜ್ಜಲು ಪ್ರತಿ ಸಲ 20ರಿಂದ 30 ಸೆಕೆಂಡ್. ಡ್ರಿಪ್ಪಿನ ಹನಿ ಎಣಿಸಲು ಒಂದು ನಿಮಿಷ. ಉಳಿದ ಎರಡು ನಿಮಿಷದಲ್ಲಿ ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಬೇಕು, ಗಾಯ ನೋಡಬೇಕು, ‘ಡಾಕ್ಟರು ಯಾವಾಗ ಬರುತ್ತಾರೆ’ ಎಂಬುದಕ್ಕೆ ಉತ್ತರಿಸಬೇಕು. ಇದರ ನಡುವೆ ಹೊಸ ಅಡ್ಮಿಷನ್ ಒಂದು ಬಂದರೆ ಅರ್ಧ ಗಂಟೆ ಹೋಯಿತು. ಎರಡು ಗಂಟೆಗೊಮ್ಮೆ ಬದಲಾಗಬೇಕಾದ ಮಗ್ಗುಲು ಪಾಳಿಗೊಮ್ಮೆ ಬದಲಾಗುತ್ತದೆ. ಬೆನ್ನಿನ ಹುಣ್ಣು ಶುರುವಾಗುವುದು ಅಲ್ಲಿಂದ. ಕೆಲಸ ಕೈಮೀರಿದಾಗ ಮೊದಲು ಬಿಟ್ಟುಹೋಗುವುದು ಕೈ ಉಜ್ಜುವುದು, ಹನಿ ಎಣಿಸುವುದು, ಎರಡನೇ ಸಲ ಲೇಬಲ್ ಓದುವುದು; ಅಂದರೆ ರೋಗಿಯನ್ನು ಕಾಯುವ ಕೆಲಸಗಳೇ.

ಇದು ಹೊರೆಯ ಗೊಣಗಾಟ ಎನ್ನುವವರಿಗೆ 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಹೇಳುತ್ತದೆ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ಅಲ್ಲಿ ಒಬ್ಬ ರೋಗಿ ಹೆಚ್ಚಾದದ್ದಕ್ಕೇ ಅಷ್ಟು ದೊಡ್ಡ ವ್ಯತ್ಯಾಸ.

ಹೆಸರಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಕಡೆಯ ಯಾವುದೇ ಹೆಣ್ಣುಮಕ್ಕಳ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಜಯಮ್ಮ, ಮೂವರು ಲಕ್ಷ್ಮಮ್ಮ, ಒಬ್ಬಿಬ್ಬರು ಪುಟ್ಟಮ್ಮ ಸಿಗುತ್ತಾರೆ. ಗೊಂದಲ ಬೇಡವೆಂದು ಬೆಡ್ ನಂಬರಿನಿಂದ ಕರೆಯುವ ರೂಢಿ ಬಂತು. ಸಂಜೆ ಗಾಳಿಗೆಂದು ಹದಿನಾಲ್ಕನೇ ಬೆಡ್ಡಿನ ಅಜ್ಜಿ ಕಿಟಕಿ ಪಕ್ಕದ ಹದಿನಾರಕ್ಕೆ ಹೋಗಿ ಮಲಗಿದರೆ ಆ ಲೆಕ್ಕವೂ ಕೆಟ್ಟಿತು. “ನೀವು ಪುಟ್ಟಮ್ಮ ತಾನೇ?” ಎಂದು ಕೇಳಿದರೆ, ಕಿವಿ ಮಂದವಾದ ಹಿರಿಯರು ಗೌರವಕ್ಕಾಗಿಯೋ ಹೆದರಿಕೆಗೋ ತಲೆಯಾಡಿಸಿಬಿಡುತ್ತಾರೆ. “ನಿಮ್ಮ ಹೆಸರು, ಊರು ಹೇಳಿ ಅಮ್ಮಾ” ಎಂದು ಕೇಳಬೇಕು. ಹೆಸರು ಅವರ ಬಾಯಿಂದಲೇ ಬರಬೇಕು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ದುಡಿಯುವ ಅಸ್ಸಾಮಿನ ಕಾರ್ಮಿಕರು ದಾಖಲಾದಾಗ ಈ ಪ್ರಶ್ನೆಯೂ ಸಾಲದು. ಅವರಿಗೆ ನಮ್ಮ ಮಾತು ತಿಳಿಯದು, ನಮಗೆ ಅವರದು ತಿಳಿಯದು, ಅವರೂ ತಲೆಯಾಡಿಸುತ್ತಾರೆ. ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟುವುದಕ್ಕೆ ಆಗುವ ಖರ್ಚು ತೀರಾ ಕಡಿಮೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ, ಆಪರೇಷನ್ನಿಗೆ ಮೊದಲು ಹೆಸರು, ಜಾಗ, ಅಲರ್ಜಿಯಂಥ ಸರಳ ಸಂಗತಿಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಪಟ್ಟಿಯೊಂದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು. ಒಂದು ಹಾಳೆ ಕಾಗದದ ಕೆಲಸ ಅದು.

ನಮ್ಮ ವಾರ್ಡುಗಳಲ್ಲಿ ಅರ್ಧ ಶುಶ್ರೂಷೆ ಮಾಡುವವರು ಮನೆಯವರೇ. ಬಾಟಲಿ ಕಾಯುವವರು, ಮೂತ್ರದ ಚೀಲ ಖಾಲಿ ಮಾಡುವವರು, “ಸಿಸ್ಟರ್, ಗ್ಲೂಕೋಸ್ ಮುಗಿಯಿತು” ಎಂದು ಕೂಗುವವರು. 500 ಮಿಲಿಲೀಟರ್ ಆರು ಗಂಟೆಯಲ್ಲಿ ಹೋಗಬೇಕೆಂದರೆ ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 28 ಹನಿ. ಕೊನೆಯ ಬಸ್ಸಿಗೆ ಹೊರಡಬೇಕಾದ ನೆಂಟರು ಬೇಗ ಮುಗಿಯಲಿ ಎಂದು ಡ್ರಿಪ್ಪಿನ ಚಕ್ರ ತಿರುಗಿಸಿಬಿಟ್ಟರೆ ಹೃದಯ ದುರ್ಬಲವಾದವರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಅವರನ್ನು ಗದರಿ ಪ್ರಯೋಜನವಿಲ್ಲ. ಇದು ಯಾಕೆ ನಿಧಾನ ಹೋಗಬೇಕು ಎಂದು ಒಂದು ಮಾತು ಹೇಳಿದವರು ಆ ಚಕ್ರವನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಂದು ನನ್ನ ಕೈ ಹಿಡಿದ ಸೊಸೆಯಂತೆ ಅವರೂ ಕಾವಲಿಗೆ ನಿಲ್ಲುತ್ತಾರೆ.

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ನಾಡಿನೆಲ್ಲೆಡೆ ಸುದ್ದಿಯಾದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ಸಮಿತಿ ನೇಮಿಸಿತು, ಹೆದರಿದ ಜನ ತಪಾಸಣೆಗೆ ಮೈಸೂರಿನವರೆಗೂ ಸಾಲುಗಟ್ಟಿದರು. ಸಾವಿಗೆ ಕಾರಣವೇನೆಂಬ ಚರ್ಚೆ ತುಂಬ ನಡೆಯಿತು. ಎದೆನೋವೆಂದು ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಬಂದವರನ್ನು ಮೊದಲು ಮುಟ್ಟುವವರು ಯಾರು ಎಂದು ಕೇಳಿದವರು ಕಡಿಮೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಆ ಹೊತ್ತಿಗೆ ತಂತ್ರಜ್ಞರಿಲ್ಲದಿದ್ದರೆ ಅದನ್ನು ತೆಗೆಯುವವಳು ಸಿಸ್ಟರ್. ಗಡಿಬಿಡಿಯಲ್ಲಿ ಬಲಗೈ, ಎಡಗೈ ತಂತಿ ಅದಲುಬದಲಾದರೆ ಬರುವ ಚಿತ್ರವೇ ಬೇರೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಆ ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ, ಅವರ ಸಲಹೆಯಂತೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕಿನಲ್ಲೇ ಉಚಿತವಾಗಿ ಸಿಗುತ್ತದೆ. ಒಳ್ಳೆಯ ಯೋಜನೆ, ಜೀವ ಉಳಿಸುವ ಯೋಜನೆ. ಇಂಜೆಕ್ಷನ್ ಕೊಟ್ಟ ಮೇಲೆ ಎಲ್ಲಿಯಾದರೂ ರಕ್ತಸ್ರಾವವಾಗುತ್ತಿದೆಯೇ, ಬಿಪಿ ಇಳಿಯುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ಪಕ್ಕದಲ್ಲೇ ನಿಂತು ನೋಡುತ್ತಿರಬೇಕು. ಆಗ ಹೆರಿಗೆ ಕೋಣೆಯಿಂದಲೂ ಅದೇ ಸಿಸ್ಟರ್‌ಗೆ ಕರೆ ಬಂದರೆ ಅವಳು ಎಲ್ಲಿಗೆ ಓಡಬೇಕು?

ಚಾರ್ಜ್ ಕೊಡುವ ಹೊತ್ತಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಾತ್ರಿ ಎಂಟಕ್ಕೆ ಪಾಳಿ ಮುಗಿಸಿದವಳು ಆಲೂರಿನ ಬಸ್ಸು ಹಿಡಿಯಬೇಕು, ಬಂದವಳು ಇನ್ನೂ ಏಪ್ರನ್ ಕಟ್ಟುತ್ತಿರುತ್ತಾಳೆ. ಮೇಜಿನ ಬಳಿ ನಿಂತು ಐದು ನಿಮಿಷದಲ್ಲಿ ಮೂವತ್ತು ರೋಗಿಗಳ ಕಥೆ ಮುಗಿಯುತ್ತದೆ. “ಆರನೇ ಬೆಡ್ಡಿನವರಿಗೆ ಆ ಇಂಜೆಕ್ಷನ್ ಆಗುವುದಿಲ್ಲವಂತೆ” ಎಂಬ ಮಾತು ಗದ್ದಲದಲ್ಲಿ ಕರಗುತ್ತದೆ. ಅಲರ್ಜಿ ಕೆಂಪು ಶಾಯಿಯಲ್ಲಿ ಕೇಸ್ ಶೀಟಿನ ಮೊದಲ ಪುಟದಲ್ಲಿರಬೇಕು, ಚಾರ್ಜ್ ಹಾಸಿಗೆಯ ಪಕ್ಕದಲ್ಲೇ ನಡೆಯಬೇಕು. ಹಾಕಿದ ಬಾಟಲಿಯ ಬ್ಯಾಚ್ ನಂಬರನ್ನೂ ಬರೆಯುವುದು ಒಳ್ಳೆಯದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಡ್ರಿಪ್ಪಿನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಯಾವ ಬ್ಯಾಚು ಯಾರ ಮೈ ಸೇರಿದೆ ಎಂಬುದು ಕೇಸ್ ಶೀಟಿನಲ್ಲಿದ್ದರೆ ಉಳಿದವರನ್ನು ಗಂಟೆಯೊಳಗೆ ಗುರುತಿಸಬಹುದು.

ಇಷ್ಟೆಲ್ಲ ಗೊತ್ತಿದ್ದೂ ತಪ್ಪಿದ ತಪ್ಪುಗಳನ್ನು ಯಾಕೆ ಯಾರೂ ಹೇಳುವುದಿಲ್ಲ? ಭಯದಿಂದ. ನನ್ನನ್ನು ಅಂದು ತಡೆದದ್ದೂ ಅದೇ. ಮೆಮೊ ಭಯ, ಗುತ್ತಿಗೆ ನವೀಕರಣವಾಗದೆಂಬ ಭಯ, ‘ಅವಳ ಕೈ ಸರಿಯಿಲ್ಲ’ ಎಂಬ ಹೆಸರು ಹುಟ್ಟಿಬಿಡುವ ಭಯ. ಖಾಸಗಿ ಆಸ್ಪತ್ರೆಗಳ ಹುಡುಗಿಯರಿಗೆ ಸಂಬಳ ಕಡಿತದ ಭಯ. ಈಗ ಕಾನೂನಿನದೂ ಸೇರಿಕೊಂಡಿದೆ, ಇದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಿಲ್ಲ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಯಾರಿಗಾದರೂ ಗರಿಷ್ಠ ಎರಡು ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿತು, ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷಕ್ಕೇ ಉಳಿಸಿತು. ಆ ಕಲಮಿನ ವಿವರಣೆಯಂತೆ ನೋಂದಾಯಿತ ವೈದ್ಯರೆಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಮಾನ್ಯ ಮಾಡಿದ ಪದವಿಯುಳ್ಳವರು. ಶುಶ್ರೂಷಕಿಯರು ಅದರೊಳಗೆ ಬರುವುದಿಲ್ಲ. ಒಂದೇ ಹಾಸಿಗೆಯ ಎರಡು ಬದಿಯಲ್ಲಿ ನಿಂತು ಒಂದೇ ಚಿಕಿತ್ಸೆ ಕೊಟ್ಟ ಇಬ್ಬರಲ್ಲಿ ಡಾಕ್ಟರಿಗೆ ಗರಿಷ್ಠ ಎರಡು ವರ್ಷ, ಸಿಸ್ಟರ್‌ಗೆ ಗರಿಷ್ಠ ಐದು. ಈ ತಾರತಮ್ಯ ಅನ್ಯಾಯ, ಅದನ್ನು ತಿದ್ದಲೇಬೇಕು. ಅನ್ಯಾಯವೆಂಬುದು ಒಂದು ಕಡೆಗಿರಲಿ, ಇದು ರೋಗಿಗೇ ಅಪಾಯ. ಜೈಲಿನ ನೆರಳು ಉದ್ದವಾದಷ್ಟೂ ಸತ್ಯ ಬರೆಯುವ ಕೈ ಹಿಂಜರಿಯುತ್ತದೆ.

ಬೇಕಂತಲೇ ಮಾಡಿದ್ದನ್ನು, ಕುಡಿದು ಬಂದು ಮಾಡಿದ್ದನ್ನು, ತಪ್ಪು ಮುಚ್ಚಲು ದಾಖಲೆ ತಿದ್ದಿದ್ದನ್ನು ಕ್ಷಮಿಸಿ ಎಂದು ನಾನು ಹೇಳುತ್ತಿಲ್ಲ. ಮಗುವನ್ನೋ ತಾಯಿಯನ್ನೋ ಕಳೆದುಕೊಂಡ ಮನೆಯವರಿಗೆ ಏನಾಯಿತೆಂದು ತಿಳಿಯುವ ಹಕ್ಕಿದೆ. ಆದರೆ ಏನಾಯಿತೆಂಬುದು ಹೊರಬರುವುದೇ ಹೇಳಿದವರಿಗೆ ರಕ್ಷಣೆಯಿದ್ದಾಗ.

ಕಾಗದದ ಮೇಲೆ ದಾರಿಯಿದೆ. ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿವೆ, 2015ರಿಂದ ಆಸ್ಪತ್ರೆಗಳ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಶಸ್ತಿಯಿದೆ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿ ಸುರಕ್ಷತೆಗೆ ರಾಷ್ಟ್ರೀಯ ಚೌಕಟ್ಟನ್ನೇ ಪ್ರಕಟಿಸಿತು. ಕಾಯಕಲ್ಪ ಬಂದ ಮೇಲೆ ನೆಲ, ಶೌಚಾಲಯ, ತ್ಯಾಜ್ಯದ ಹಳದಿ, ಕೆಂಪು, ನೀಲಿ ಬಕೆಟ್ಟುಗಳು ಸುಧಾರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಸಂತೋಷವಿದೆ. ಘಟನೆಗಳ ದಾಖಲೆ ಪುಸ್ತಕವೂ ಮಾನದಂಡದಲ್ಲಿದೆ. ಪರಿಶೀಲನೆಗೆ ತಂಡ ಬರುವ ವಾರ ಅದು ಹೊರಬರುತ್ತದೆ, ‘ಯಾವುದೇ ಘಟನೆ ಇಲ್ಲ’ ಎಂಬ ಸಾಲು ತಿಂಗಳು ತಿಂಗಳೂ ಒಂದೇ ಶಾಯಿಯಲ್ಲಿ ಇರುತ್ತದೆ. ಪರಿಶೀಲಿಸುವವರು ಅದನ್ನು ನೋಡಿ ಅಂಕ ಕೊಡುತ್ತಾರೆ. ನಾನಾಗಿದ್ದರೆ ಅಂಕ ಕಳೆಯುತ್ತಿದ್ದೆ. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ತಿಂಗಳಿಡೀ ಒಂದೂ ತಪ್ಪು ಕೂದಲೆಳೆಯಲ್ಲಿ ತಪ್ಪಿಲ್ಲ ಎಂದರೆ ಅಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ ಎಂದೇ ಅರ್ಥ.

ನಾನೀಗ ಹಾಸನದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಮೊದಲ ವಾರವೇ ಎರಡು ಖಾಲಿ ಇನ್ಸುಲಿನ್ ಬಾಟಲಿಗೆ ನೀರು ತುಂಬಿಸಿ, ಎರಡೂ ಬಣ್ಣದ ಸಿರಿಂಜುಗಳನ್ನು ಬೆರೆಸಿಟ್ಟು, 20 ಯೂನಿಟ್ ಎಳೆಯಿರಿ ಎನ್ನುತ್ತೇನೆ. ಪ್ರತಿ ವರ್ಷ ಮೂರು ನಾಲ್ಕು ಮಂದಿ 50 ಎಳೆಯುತ್ತಾರೆ. ಆಮೇಲೆ ನನ್ನ ರಾತ್ರಿಯ ಕಥೆ ಹೇಳುತ್ತೇನೆ. ಅವರು ತರಬೇತಿಗೆ ಹೋಗುವ ವಾರ್ಡೊಂದರ ಹಿರಿಯ ಸಿಸ್ಟರ್ ನಮ್ಮ ಮಾತಿಗೆ ಒಪ್ಪಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಬರೆದವರ ಹೆಸರಿಲ್ಲ, ಸಹಿಯಿಲ್ಲ. ಏನಾಗುತ್ತಿತ್ತು, ಹೇಗೆ ತಪ್ಪಿತು, ಅಷ್ಟೇ ಬರೆಯಬೇಕು. ಪ್ರತಿ ಶನಿವಾರ ಚಾರ್ಜ್ ಮುಗಿದ ಮೇಲೆ ಹತ್ತು ನಿಮಿಷ ಅದನ್ನು ಗಟ್ಟಿಯಾಗಿ ಓದುತ್ತಾರೆ. ಮೊದಲ ಎರಡು ತಿಂಗಳು ಪುಟಗಳು ಖಾಲಿಯೇ ಇದ್ದವು. ಆಗ ಹಿರಿಯ ಸಿಸ್ಟರ್ ತಮ್ಮದೇ ಒಂದು ತಪ್ಪನ್ನು ಎಲ್ಲರಿಗೂ ಗುರುತು ಸಿಗುವ ಹಾಗೆ ಬರೆದರು. ಅಲ್ಲಿಂದ ಮುಂದೆ ಪುಟಗಳು ತುಂಬತೊಡಗಿದವು.

ಕಳೆದ ಸಲ ಹೋದಾಗ ತೆರೆದು ನೋಡಿದೆ. ನೀಲಿ ಶಾಯಿಯಲ್ಲಿ, ಎಳೆಯ ಕೈಬರಹದಲ್ಲಿ, ಕೊನೆಯ ಬರಹ ಹೀಗಿತ್ತು: ‘9ನೇ ಬೆಡ್ಡಿನ ಜಯಮ್ಮನವರ ಬಿಪಿ ಮಾತ್ರೆಯನ್ನು 12ನೇ ಬೆಡ್ಡಿನ ಜಯಮ್ಮನವರ ಕೈಗೆ ಕೊಟ್ಟೆ. ನನ್ನ ಮಾತ್ರೆ ಬಿಳಿ, ಇದು ಕೆಂಪು ಎಂದರು. ವಾಪಸ್ ಪಡೆದೆ.’ ಅದರ ಕೆಳಗೆ ಹಿರಿಯ ಸಿಸ್ಟರ್ ಕೈಬರಹ: ‘ಇಬ್ಬರ ಕೇಸ್ ಶೀಟಿನ ಮೇಲೂ ಊರಿನ ಹೆಸರು ದಪ್ಪಕ್ಷರದಲ್ಲಿ ಬರೆದಾಯಿತು. ಒಂದೇ ಹೆಸರಿನವರನ್ನು ಇನ್ನು ಮುಂದೆ ಒಂದೇ ಸಾಲಿನಲ್ಲಿ ಹಾಕುವುದಿಲ್ಲ.’